ಮುಂದೋಡಿ ಪೆಗ್ ದೋಣಿ ಇಳಿಸಿದ್ದು

ಪೆಗ್ ಹೇಕಾಕ್ ಹುಟ್ಟಿದ್ದು ಕಲ್ಲಿದ್ದಲು ಸಾಗಿಸುವ ದೋಣಿಯ ಹಿಂಬದಿಯ ಗೂಡಿನಲ್ಲಿ. ಅವಳಪ್ಪ ಎರಡು ಕೈ ಚಾಚಿದರೆ ಆ ಮನೆಯ ಎರಡೂ ಗೋಡೆ ಬೆರಳಿಗೆ ತಾಗುತ್ತಿದ್ದವು. ಮಗು ಹುಟ್ಟಿತೆಂದು ದೋಣಿ ನಿಲ್ಲಿಸಿದರೆ ಕಲ್ಲಿದ್ದಲಿಗೆ ಕಾದಿರುವ ಕಾರ್ಖಾನೆ ಕೇಳಬೇಕಲ್ಲ? ಹಾಗಾಗಿ ಪೆಗ್ ಕಣ್ಣು ಬಿಟ್ಟಾಗ ಒಂದೂರು, ಮೊದಲ ಹಾಲು ಕುಡಿದಾಗ ಇನ್ನೊಂದೂರು. ನಿನ್ನೂರು ಯಾವುದು ಎಂದು ಯಾರಾದರೂ ಕೇಳಿದರೆ, ಎಪ್ಪತ್ತಾಗುತ್ತ ಬಂದ ಈಗಲೂ, ಕಾಲುವೆಯ ಉದ್ದಕ್ಕೆ ಕೈ ಬೀಸಿ ತೋರಿಸುತ್ತಾಳೆ.

ಕಾಲುವೆಯ ಮಂದಿ ಅವಳನ್ನು ಕರೆಯುವುದು ಮುಂದೋಡಿ ಪೆಗ್ ಎಂದು. ಅದು ಬೈಗುಳವಲ್ಲ, ಬಿರುದು. ದೋಣಿ ಗುಡ್ಡ ಇಳಿಯಬೇಕಾದರೆ ಲಾಕಿನ ಕಲ್ಲುತೊಟ್ಟಿಯೊಳಗೆ ಹೊಗಬೇಕು, ಹಿಂದಿನ ಬಾಗಿಲು ಮುಚ್ಚಬೇಕು, ಮುಂದಿನ ತೂಬು ಎತ್ತಿ ನೀರು ಬಿಡಬೇಕು. ನೀರಿನೊಂದಿಗೆ ದೋಣಿಯೂ ಇಳಿಯುತ್ತದೆ, ಎದುರಿನ ಜೋಡಿ ಬಾಗಿಲು ತೆರೆಯುತ್ತದೆ, ಮುಂದೆ ಇನ್ನೊಂದು ಲಾಕು ಕಾದಿರುತ್ತದೆ. ಆ ಇನ್ನೊಂದು ಲಾಕು ಖಾಲಿಯಿದ್ದರೆ ಅದನ್ನು ತುಂಬಿಸುವಷ್ಟು ಹೊತ್ತು ದೋಣಿ ಸುಮ್ಮನೆ ನಿಲ್ಲಬೇಕು. ನಿಲ್ಲಬಾರದೆಂದೇ ದೋಣಿಯವರಲ್ಲಿ ಒಬ್ಬರು ಸೈಕಲ್ ಏರಿ, ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದಡದ ದಾರಿಯಲ್ಲಿ ಮುಂದೋಡುತ್ತಾರೆ. ಈ ಕೆಲಸದಲ್ಲಿ ಪೆಗ್‌ಗೆ ಸಮನಾದವರು ಇರಲಿಲ್ಲ. ದೋಣಿ ತಿರುವು ದಾಟಿ ಬರುವಷ್ಟರಲ್ಲಿ ಲಾಕು ತುಂಬಿ, ಬಾಗಿಲು ತೆರೆದು, ಬಾಗಿಲು ತಳ್ಳುವ ತೊಲೆಯ ಮೇಲೆ ಅವಳು ಸೇಬು ಕಚ್ಚುತ್ತ ಕೂತಿರುತ್ತಿದ್ದಳು.

ಆ ಬಿರುದಿನ ಬೇರು ಮಾತ್ರ ಯಾರಿಗೂ ಗೊತ್ತಿಲ್ಲವೆಂದೇ ಪೆಗ್ ನಂಬಿದ್ದಳು. ಪೆಗ್‌ಗೆ ಏಳು ವರ್ಷವಿದ್ದಾಗ ಒಂದು ಬೆಳಗ್ಗೆ ಅಮ್ಮ ಚುಕ್ಕಾಣಿ ಹಿಡಿದಿದ್ದಳು, ಪೆಗ್ ಒಳಗೆ ಆಲೂಗಡ್ಡೆ ಸುಲಿಯುತ್ತಿದ್ದಳು. ಪ್ರತಿ ಲಾಕಿನ ಮೇಲ್ಬಾಗಿಲ ಬುಡದಲ್ಲಿ ನೀರಿನೊಳಗೆ ಒಂದು ಕಲ್ಲಿನ ಹೊಸ್ತಿಲಿರುತ್ತದೆ. ದೋಣಿ ಹಿಂದೆ ಸರಿದಿದ್ದರೆ ನೀರು ಇಳಿಯುವಾಗ ಅದರ ಹಿಂಬದಿ ಆ ಹೊಸ್ತಿಲ ಮೇಲೆ ಕೂತುಬಿಡುತ್ತದೆ; ಮುಂಬದಿ ಮಾತ್ರ ಇಳಿಯುತ್ತ ಹೋಗುತ್ತದೆ. ಅವತ್ತು ಹಾಗೇ ಆಯಿತು. ನೆಲ ಓರೆಯಾಯಿತು, ಕೆಟಲು ಜಾರಿತು, ಆಲೂಗಡ್ಡೆಗಳು ಉರುಳಿದವು, ಗೋಡೆಯ ಮೇಲಿದ್ದ ಜಾಲರಿ ಅಂಚಿನ ಪಿಂಗಾಣಿ ತಟ್ಟೆ ಪೆಗ್‌ಳ ಕಿವಿ ಪಕ್ಕ ಒಡೆಯಿತು. ಅಪ್ಪ ತೂಬು ಮುಚ್ಚಿದ, ನೀರು ಮತ್ತೆ ಏರಿತು, ದೋಣಿ ನೆಟ್ಟಗಾಯಿತು. ಹೋದದ್ದು ಒಂದು ತಟ್ಟೆ ಅಷ್ಟೆ. ಸಂಜೆ ಎಲ್ಲರೂ ನಕ್ಕರು. ಪೆಗ್ ಮಾತ್ರ ಮರುದಿನ ಲಾಕು ಕಣ್ಣಿಗೆ ಬಿದ್ದ ಕೂಡಲೇ ಅಪ್ಪನ ಹಿಡಿ ಕಿತ್ತುಕೊಂಡು ದಡಕ್ಕೆ ಹಾರಿ, ಮುಂದಕ್ಕೆ ಓಡಿದಳು.

"ನೋಡ್ರೋ, ಎಷ್ಟು ಚುರುಕು!" ಎಂದು ಅಪ್ಪ ಹಿಗ್ಗಿದ. ಹೆದರಿಕೆ ಹೀಗೆ ಹೆಸರಾಯಿತು. ಅಲ್ಲಿಂದಾಚೆಗೆ ಅವಳು ದೋಣಿಯೊಳಗಿದ್ದು ಲಾಕು ಇಳಿದದ್ದೇ ಇಲ್ಲ.

ಲೆನ್ ಅವಳನ್ನು ಮದುವೆಯಾದಾಗ ಉಂಗುರದ ಜೊತೆ ಒಂದು ಕೆಂಪು ಸೈಕಲ್ಲನ್ನೂ ಕೊಟ್ಟ. "ಹೆಂಡ್ತಿ ಓಡಿಹೋಗೋಕೆ ನೀನೇ ಸೈಕಲ್ ಕೊಡ್ಸಿದ್ಯಲ್ಲೋ!" ಎಂದು ನೆಂಟರೆಲ್ಲ ನಕ್ಕರು. ಕಲ್ಲಿದ್ದಲ ಕಾಲ ಮುಗಿದ ಮೇಲೆ ಲೆನ್ ಕಾಲುವೆಯ ದುರಸ್ತಿ ಕೆಲಸಕ್ಕೆ ಸೇರಿದ. ಇಬ್ಬರೂ 'ಬಟರ್‌ಕಪ್' ಎಂಬ ಅರವತ್ತಡಿ ದೋಣಿ ಕೊಂಡು ಅದನ್ನೇ ಮನೆ ಮಾಡಿಕೊಂಡರು. ನಲವತ್ತೈದು ವರ್ಷದ ದಾಂಪತ್ಯ, ಬಹುಪಾಲು ಒಂದು ಲಾಕಿನ ಅಂತರದಲ್ಲಿ. ಅವನು ಹಿಂದೆ ಚುಕ್ಕಾಣಿಯಲ್ಲಿ, ಅವಳು ಮುಂದೆ ಸೈಕಲ್ ಮೇಲೆ. ಎಂಜಿನ್ ಸದ್ದಿನಲ್ಲಿ ಮಾತು ಕೇಳದು. ಹಾಗಾಗಿ ಸಂಸಾರ ನಡೆದದ್ದು ಕೈಸನ್ನೆಯಲ್ಲಿ. ತೋಳೆತ್ತಿ ಎರಡು ಸಲ ಮಡಚಿದರೆ ಲಾಕು ಸಿದ್ಧ, ಬಾ. ಮುಷ್ಟಿ ಮೇಲೆ ಮುಷ್ಟಿ ಇಟ್ಟರೆ ತಡೆ. ಎರಡು ಕೈ ಸೊಂಟದ ಮೇಲಿದ್ದರೆ ಇವತ್ತಿಡೀ ಮಾತಿಲ್ಲ. ಬಾಯಲ್ಲಿ ಆಡುತ್ತಿದ್ದ ಮಾತು ಒಂದೇ: ಲೆನ್ ಲಾಕಿನೊಳಗೆ ಇಳಿಯುವಾಗ ದೋಣಿ ಹೊಸ್ತಿಲಿಗೆ ತಾಗದಿರಲೆಂದು ಅವಳು ಮೇಲಿನಿಂದ, "ಮುಂದೆ ಇಟ್ಕೋ, ಲೆನ್!" ಎಂದು ಕೂಗುತ್ತಿದ್ದಳು. ಅವನು ಕೆಳಗಿನಿಂದ, "ಕಿವಿ ಇದೆ ನಂಗೆ!" ಎನ್ನುತ್ತಿದ್ದ. ಯಾವ ಲಾಕೂ ಈ ಎರಡು ಮಾತಿಲ್ಲದೆ ಖಾಲಿಯಾದದ್ದಿಲ್ಲ.

ಈ ಬೇಸಿಗೆಯಲ್ಲಿ ಲೆನ್ ಬಲಗೈ ಮುರಿದುಕೊಂಡ. ಐವತ್ತು ವರ್ಷ ಒದ್ದೆ ಬಾಗಿಲುಗಳ ಮೇಲೆ ನಡೆದವನು ಬಿದ್ದದ್ದು ಚರ್ಚಿನ ಹುಲ್ಲಿನ ಮೇಲೆ, ಮೊಮ್ಮಕ್ಕಳೊಂದಿಗೆ ಗೋಣಿಚೀಲದ ಓಟದಲ್ಲಿ.

"ಎರಡನೇ ಸ್ಥಾನದಲ್ಲಿದ್ದೆ ಕಣೇ," ಎಂದ ಆಸ್ಪತ್ರೆಯಲ್ಲಿ.

"ಓಡ್ತಾ ಇದ್ದೋರೇ ಇಬ್ರು," ಎಂದಳು ಪೆಗ್.

ನಗುವಿನ ಅಡಿಯಲ್ಲಿ ಇಬ್ಬರಿಗೂ ಒಂದೇ ದಿಗಿಲು. ಗುರುವಾರ ಬೆಳಗ್ಗೆ ಎಂಟಕ್ಕೆ ಬಟರ್‌ಕಪ್ ನ್ಯಾಂಟ್‌ವಿಚ್ ಊರಿನಾಚೆಯ ದೋಣಿ ದುರಸ್ತಿ ಕಟ್ಟೆಯಲ್ಲಿರಬೇಕಿತ್ತು. ಅಲ್ಲಿನ ಒಣ ತೊಟ್ಟಿಯಲ್ಲಿ ನೀರು ಬಸಿದು, ದೋಣಿಯ ತಳದ ಕಬ್ಬಿಣ ಎಷ್ಟು ಸವೆದಿದೆ ಎಂದು ಅಳೆದು ಕಾಗದ ಕೊಡುತ್ತಾರೆ. ಆ ಕಾಗದವಿಲ್ಲದಿದ್ದರೆ ತಿಂಗಳ ಕೊನೆಗೆ ವಿಮೆ ಮುಗಿಯುತ್ತದೆ. ವಿಮೆಯಿಲ್ಲದ ದೋಣಿಗೆ ಪರವಾನಗಿಯಿಲ್ಲ. ಪರವಾನಗಿಯಿಲ್ಲದ ದೋಣಿ ನೀರಿನಲ್ಲಿ ಇರುವಂತಿಲ್ಲ. ಈ ಗುರುವಾರ ತಪ್ಪಿದರೆ ತೊಟ್ಟಿ ಮತ್ತೆ ಸಿಗುವುದು ನವೆಂಬರಿಗೆ. ಕ್ರೂ ಊರಿನಲ್ಲಿ ಮಗಳು ಟೆಸ್ಸಾ ಹಿಂದಿನ ಕೋಣೆಗೆ ಹೊಸ ಕಾರ್ಪೆಟ್ ಹಾಸಿ ಆಗಲೇ ಕಾದಿದ್ದಳು. ಒಳ್ಳೆಯ ಮಗಳು, ಒಳ್ಳೆಯ ಕಾರ್ಪೆಟ್. ಆದರೆ ಒಂದು ವಾರಕ್ಕಿಂತ ಹೆಚ್ಚು ಅಲುಗದ ಮನೆಯಲ್ಲಿ ಮಲಗಿದರೆ ಪೆಗ್‌ಗೆ ತಲೆ ಸುತ್ತುತ್ತಿತ್ತು.

ವಿಮೆಯ ಕಾಗದದಲ್ಲಿ ದೋಣಿ ನಡೆಸುವವರೆಂದು ಎರಡೇ ಹೆಸರಿದ್ದವು: ಲೆನ್ ಮತ್ತು ಪೆಗ್. ಲೆನ್‌ನ ಕೈ ಬಿಳಿ ಪಟ್ಟಿಯೊಳಗಿತ್ತು. ನೇರ ನೀರಿನಲ್ಲಿ, ಅವನು ಟೀ ಮಾಡಿ ತರುವಷ್ಟು ಹೊತ್ತು, ಪೆಗ್ ಚುಕ್ಕಾಣಿ ಹಿಡಿದದ್ದುಂಟು. ಆದರೆ ಈಗ ಎದುರಿಗಿದ್ದದ್ದು ಆಡ್ಲೆಮ್‌ನ ಹದಿನೈದು ಲಾಕುಗಳು, ಒಂದರ ಕೆಳಗೊಂದು.

ಬುಧವಾರ ಬೆಳಗ್ಗೆ ಲಾಕುಗಳ ನೆತ್ತಿಯಲ್ಲಿ ಪೆಗ್ ತನ್ನ ಉಪಾಯ ಹೇಳಿದಳು. "ಲಾಕಿನ ಬಾಯಿವರೆಗೆ ನಾನು ನಡೆಸ್ತೀನಿ. ಅಲ್ಲಿ ಹಗ್ಗ ಹಿಡ್ಕೊಂಡು ದಡಕ್ಕೆ ಇಳೀತೀನಿ. ದೋಣಿ ಖಾಲಿನೇ ಇಳೀಲಿ, ನಾನು ಮೆಟ್ಟಿಲಿಳಿದು ಕೆಳಗಡೆ ಹತ್ಕೋತೀನಿ. ಒಂಟಿಯಾಗಿ ಹೋಗೋರೆಲ್ಲ ಹಾಗೇ ತಾನೆ ಮಾಡೋದು?"

"ಒಂಟಿಯಾಗಿ ಹೋಗೋರು ಎರಡು ದಿನ ತಗೊಳ್ಳೋದೂ ಅದಕ್ಕೇ," ಎಂದ ಲೆನ್. ಆಮೇಲೆ ಅವಳ ಮುಖ ನೋಡಿ, "ಆಯ್ತು, ನಿನ್ನಿಷ್ಟ," ಎಂದು ಕೆಂಪು ಸೈಕಲ್ಲನ್ನು ಊರುಗೋಲಿನಂತೆ ಎಡಗೈಯಲ್ಲಿ ಹಿಡಿದು ನಡೆದ.

ತೂಬು ತಿರುಗಿಸಲು ಕ್ಲೈವ್ ಬಂದ. ಕ್ಲೈವ್ ನಿವೃತ್ತ ದಂತವೈದ್ಯ. ಈಗ ವಾರಕ್ಕೆರಡು ದಿನ ನೀಲಿ ಅಂಗಿ ಹಾಕಿಕೊಂಡು ಪುಕ್ಕಟೆಯಾಗಿ ಲಾಕು ಕಾಯುತ್ತಿದ್ದ. "ಗಾಬರಿ ಬೇಡ ಮಿಸೆಸ್ ಹೇಕಾಕ್, ನೋವೇ ಗೊತ್ತಾಗಲ್ಲ," ಎಂದ, ಹಳೆಯ ಚಾಳಿಯಲ್ಲಿ.

"ಹಂಗಂದು ಎಷ್ಟು ಜನರ ಹಲ್ಲು ಕಿತ್ತಿದ್ದೀರೋ ಡಾಕ್ಟ್ರೇ," ಎಂದಳು ಪೆಗ್.

ಮೊದಲ ಲಾಕಿಗೆ ಐವತ್ತು ನಿಮಿಷ. ಎರಡನೆಯದಕ್ಕೆ ಅಷ್ಟೇ. ಹಗ್ಗ ಬಾಗಿಲಿಗೆ ಸಿಕ್ಕಿಕೊಂಡಿತು, ದೋಣಿ ಗೋಡೆಗೆ ಒರಗಿಕೊಂಡಿತು, ಪೆಗ್ ಒದ್ದೆ ಮೆಟ್ಟಿಲಲ್ಲಿ ಹತ್ತಿಳಿದು ಸುಸ್ತಾದಳು. ದೋಣಿಯ ಚಾವಣಿಯ ಮೇಲೆ ಅವರ ಮುದಿ ನಾಯಿ ಗ್ರೇವಿ ಮಾತ್ರ ರಾಜನಂತೆ ಕೂತು ಇಳಿಯುತ್ತಿತ್ತು. ಎರಡೂ ದಡದಲ್ಲಿ ಹಾಥಾರ್ನ್ ಮುಳ್ಳುಬೇಲಿ, ಅದರಾಚೆ ಹುಲ್ಲು ಕೊಯ್ದ ಬಯಲು, ಆಕಾಶದಲ್ಲಿ ತೊಳೆದು ಹರವಿದಂಥ ಮೋಡ. ಜುಲೈ ತನ್ನ ಪಾಡಿಗೆ ತಾನು ಚೆಂದವಾಗಿತ್ತು. ಮೂರನೇ ಲಾಕು ಮುಗಿಯುವ ಹೊತ್ತಿಗೆ ಹಿಂದೆ ನಾಲ್ಕು ದೋಣಿ ಸಾಲುಗಟ್ಟಿದ್ದವು. ಮೊದಲನೆಯದೇ ಆಲ್ವೆನ್‌ಳದು. ಕಾಲುವೆಯುದ್ದಕ್ಕೂ ಕಲ್ಲಿದ್ದಲು, ಗ್ಯಾಸು, ಡೀಸೆಲ್ ಮಾರುವ ಆಲ್ವೆನ್‌ಗೆ ಗಂಟಲೇ ಹಾರ್ನು.

"ಏ ಮುಂದೋಡಿ! ಏನೇ ಇದು, ಹೆಣ ಇಳಿಸ್ದಂಗೆ ಹಗ್ಗ ಹಿಡ್ಕೊಂಡು ಇಳಿಸ್ತಿದ್ದೀಯ? ನನ್ ಗ್ಯಾಸೆಲ್ಲ ಹಳೇದಾಗಿಹೋಗುತ್ತೆ!"

"ನಿನ್ ಬಾಯಲ್ಲೇ ಬೇಕಾದಷ್ಟಿದೆ, ಅದನ್ನ ಮಾರು!" ಎಂದು ಪೆಗ್ ತಿರುಗಿ ಕೂಗಿದಳು. ಆದರೆ ಎದೆಯಲ್ಲಿ ಲೆಕ್ಕ ನಡೆದಿತ್ತು. ಹನ್ನೊಂದೂವರೆ ಗಂಟೆ. ಇನ್ನೂ ಹನ್ನೆರಡು ಲಾಕು ಇಲ್ಲೇ, ಕೆಳಗೆ ಹ್ಯಾಕ್ ಗ್ರೀನ್‌ನಲ್ಲಿ ಮತ್ತೆರಡು. ಹೀಗೇ ಸಾಗಿದರೆ ನ್ಯಾಂಟ್‌ವಿಚ್ ಗುರುವಾರ ಮಧ್ಯಾಹ್ನಕ್ಕೆ.

ನಾಲ್ಕನೇ ಲಾಕಿನಲ್ಲಿ ಕ್ಲೈವ್‌ಗೆ ಕನಿಕರ ಬಂತು. "ಹಗ್ಗ ಇಲ್ಲಿ ಕೊಡಿ, ನಾನು ಹಿಡೀತೀನಿ. ನೀವು ಸ್ವಲ್ಪ ಸುಧಾರಿಸ್ಕೊಳ್ಳಿ."

ಪೆಗ್ ಹಗ್ಗ ಕೊಟ್ಟಳು. ಕೈ ಖಾಲಿಯಾದವು. ಕಣ್ಣು ಕೆಳಗೆ ಹೋಯಿತು. ಐದನೇ ಲಾಕು ಕಾಣುತ್ತಿತ್ತು. ಅದರ ಕೆಳಬಾಗಿಲು ಅರೆತೆರೆದಿತ್ತು. ಅಂದರೆ ಲಾಕು ಖಾಲಿ. ಖಾಲಿ ಲಾಕು ಕಂಡರೆ ಪೆಗ್‌ಳ ಕಾಲು ನಿಲ್ಲುವಂಥದ್ದಲ್ಲ. ಲೆನ್ ಆಚೆ ದಡದ ಬಾಗಿಲಿಗೆ ಹೋಗುವಾಗ ತೊಲೆಗೆ ಒರಗಿಸಿದ್ದ ಕೆಂಪು ಸೈಕಲ್ಲು ಬಿಸಿಲಲ್ಲಿ ಹೊಳೆಯುತ್ತಿತ್ತು. ಹಿಡಿ ತಾನಾಗಿ ಸೊಂಟಕ್ಕೆ ಹೋಯಿತು, ಕಾಲು ತಾನಾಗಿ ಪೆಡಲಿಗೆ. ಗಾಳಿ ಮುಖಕ್ಕೆ ಹೊಡೆದಾಗ ಬೆಳಗ್ಗಿನಿಂದ ಮೊದಲ ಬಾರಿಗೆ ಅವಳಿಗೆ ಹಾಯೆನಿಸಿತು.

ದೋಣಿ ಇಳಿಯಿತು. ಕ್ಲೈವ್ ಹಗ್ಗವನ್ನು ಸುರುಳಿ ಸುತ್ತಿ ಚಾವಣಿಗೆ ಎಸೆದು ತನ್ನ ಬಾಗಿಲು ತೆರೆದ. ಆಚೆ ದಡದಲ್ಲಿ ಲೆನ್ ತೊಲೆಗೆ ಬೆನ್ನು ಕೊಟ್ಟು ತನ್ನ ಬಾಗಿಲು ತೆರೆದ. ಹಿಂದಿನ ಮೂರು ಸಲದಂತೆ ಪೆಗ್ ಮೆಟ್ಟಿಲಿಳಿದು ಕೆಳಗೆ ಕಾದಿದ್ದಾಳೆಂದೇ ಇಬ್ಬರ ನಂಬಿಕೆ. ಬಾಗಿಲಿಗೆ ಮೂತಿಯಾನಿಸಿಕೊಂಡು ನಿಲ್ಲಲೆಂದು ಎಂಜಿನ್ನನ್ನು ಮೆಲ್ಲನೆ ಮುಂದಕ್ಕೇ ಬಿಟ್ಟಿದ್ದರು. ಬಾಗಿಲು ತೆರೆದದ್ದೇ ತಡ, ಬಟರ್‌ಕಪ್ ಕೊಟ್ಟಿಗೆಯಿಂದ ಹೊರಟ ಹಸುವಿನಂತೆ ತನ್ನ ಪಾಡಿಗೆ ತಾನು ಹೊರಟಿತು.

ಕೆಳಗೆ ಪೆಗ್ ಐದನೇ ಲಾಕಿನ ಕೆಳಬಾಗಿಲು ಮುಚ್ಚಿ, ಮೇಲಿನ ತೂಬೆತ್ತಿ, ನೀರು ತುಂಬಿಸಿ, ಮೇಲ್ಬಾಗಿಲನ್ನು ಬೆನ್ನಿನಿಂದ ತಳ್ಳಿ ತೆರೆದಳು. ಎಂಜಿನ್ ಸದ್ದು ಹತ್ತಿರವಾಯಿತು. ಅವಳು ತಿರುಗಿ, ನಲವತ್ತೈದು ವರ್ಷದ ಅಭ್ಯಾಸದಂತೆ, ತೋಳೆತ್ತಿ ಎರಡು ಸಲ ಮಡಚಿದಳು: ಸಿದ್ಧ, ಬಾ.

ದೋಣಿ ಬಂತು. ಚುಕ್ಕಾಣಿಯಲ್ಲಿ ಯಾರೂ ಇರಲಿಲ್ಲ. ಚಾವಣಿಯ ಮೇಲಿಂದ ಗ್ರೇವಿ ಅವಳ ಸನ್ನೆಗೆ ಬಾಲವಾಡಿಸಿತು.

ಒಂದು ಗಳಿಗೆ ಪೆಗ್‌ಗೆ ಲೆನ್ ಮೇಲೆ ಸಿಟ್ಟು ಬಂತು: ಎಲ್ಲಿ ಹಾಳಾಗಿ ಹೋದ ಈ ಮನುಷ್ಯ? ಮರುಗಳಿಗೆ ದೂರದ ದಡದಲ್ಲಿ ಬಿಳಿ ಕೈಯನ್ನು ಬಾವುಟದಂತೆ ಎತ್ತಿ ಓಡಿಬರುತ್ತಿದ್ದ ಲೆನ್ ಕಂಡ, ಅವನ ಹಿಂದೆ ಟೋಪಿ ಹಿಡಿದುಕೊಂಡು ಓಡುತ್ತಿದ್ದ ಕ್ಲೈವ್ ಕಂಡ. ಆಗ ಹೊಳೆಯಿತು, ಅಲ್ಲಿರಬೇಕಾದವಳು ತಾನು.

"ಪೆಗ್! ದೋಣಿ ಬಿಟ್ಟು ಹೋಗಿದ್ಯಲ್ಲೇ!"

"ಕಾಣ್ತಾ ಇದೆ!"

ಲಾಕುಗಳ ಪಕ್ಕದಲ್ಲಿ ಹೆಚ್ಚುವರಿ ನೀರು ಹರಿದು ಕೆಳಗಿನ ನೀರಿಗೆ ಧುಮುಕುವ ಜಾಗವಿದೆ. ಆ ಹರಿವಿನ ಹೊಡೆತಕ್ಕೆ ಬಟರ್‌ಕಪ್‌ನ ಮೂತಿ ಓರೆಯಾಗಿತ್ತು. ಹೀಗೇ ಬಂದರೆ ಹದಿನೆಂಟು ಟನ್ ಕಬ್ಬಿಣ ಬಾಗಿಲ ಅಂಚಿಗೆ ಬಡಿಯುತ್ತದೆ. ಬಾಗಿಲು ಮುರಿದರೆ ಇಡೀ ದಾರಿ ವಾರಗಟ್ಟಲೆ ಬಂದ್. ಗುರುವಾರವೂ ಇಲ್ಲ, ಬಟರ್‌ಕಪ್ಪೂ ಇಲ್ಲ, ಕಾರ್ಪೆಟ್ ಅಷ್ಟೆ.

ಪೆಗ್ ತನ್ನ ಜೀವನದಲ್ಲಿ ಮೊದಲ ಸಲ ಲಾಕಿನಿಂದ ಹಿಂದಕ್ಕೆ, ದೋಣಿಯ ಕಡೆಗೆ ಓಡಿದಳು. ಮೂತಿ ದಾಟಿತು, ಕಿಟಕಿಗಳು ದಾಟಿದವು, ಕಿಟಕಿಯ ಜೆರೇನಿಯಂ ಕುಂಡಗಳು ದಾಟಿದವು, ಹಿಂಬದಿ ಒಂದು ಹೆಜ್ಜೆಯಷ್ಟು ಹತ್ತಿರ ಬಂತು. ದೋಣಿಗೆ ಕಾಲಿಟ್ಟಳು. ಚುಕ್ಕಾಣಿ ಬೆಚ್ಚಗಿತ್ತು. ಅದನ್ನು ಸೊಂಟದಿಂದ ಒತ್ತಿ, ಎಂಜಿನ್ನಿಗೆ ಒಂದು ಜೋರು ಕೊಟ್ಟಳು. ದೋಣಿ ಯೋಚಿಸಿತು. ಅರವತ್ತಡಿ ಆಚೆ ಮೂತಿ ಮೆಲ್ಲಗೆ ಸರಿಯಿತು, ಇನ್ನೂ ಸ್ವಲ್ಪ ಸರಿಯಿತು. ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಅಂಗೈಯಗಲ ಬೆಳಕು ಉಳಿಯಿತು. ಬಟರ್‌ಕಪ್ ಅಂಚೆಡಬ್ಬಿಯೊಳಗೆ ಜಾರಿದ ಕಾಗದದಂತೆ ಲಾಕಿನೊಳಗೆ ಹೋಯಿತು. ಮೇಲೆ, ಸಾಲಿನಲ್ಲಿದ್ದ ದೋಣಿಗಳಿಂದ ಹಾರ್ನುಗಳು ಮೊಳಗಿದವು.

ಅವಳು ಎಂಜಿನ್ ತಗ್ಗಿಸಿ ನಿಂತಳು. ತುಂಬಿದ ಲಾಕು, ದಡ ಅವಳ ಮೊಣಕಾಲಿಗೆ ಸಮ. ಒಂದು ಹೆಜ್ಜೆ ಇಟ್ಟರೆ ನೆಲ. ಹಿಂದೆ ಗೋಡೆಯ ಮೇಲೆ ಹೊಸ್ತಿಲಿನ ಗುರುತಿಗೆ ಬಳಿದ ಬಿಳಿ ಗೆರೆ. ಲೆನ್ ಏದುಸಿರು ಬಿಡುತ್ತ ಬಂದ. ಮೇಲ್ಬಾಗಿಲ ತೊಲೆಗೆ ಬೆನ್ನು ಕೊಟ್ಟು ಮುಚ್ಚಿದ. ಕ್ಲೈವ್ ಕೆಳಬಾಗಿಲ ತೂಬಿನ ಹತ್ತಿರ ಹಿಡಿ ಸಿಕ್ಕಿಸಿ ಕಾದ.

"ದಡಕ್ಕೆ ಇಳೀತೀರಾ ಮಿಸೆಸ್ ಹೇಕಾಕ್?"

ಇಳಿಯಬಹುದಿತ್ತು. ಆದರೆ ಇಳಿದರೆ ಈ ಕಾಲುಗಳು ಮತ್ತೆ ಮುಂದೋಡುತ್ತವೆಂದು ಅವಳಿಗೆ ಈಗ ಗೊತ್ತಾಗಿತ್ತು. ಇವು ಅರವತ್ತು ವರ್ಷದಿಂದ ತನ್ನ ಮಾತು ಕೇಳದ ಕಾಲುಗಳು.

"ಬಿಡಿ ಡಾಕ್ಟ್ರೇ ನೀರು," ಎಂದಳು. "ಅರ್ಧ ತೂಬು ಮಾತ್ರ. ಬಾಯಿ ತೆರೀರಿ ಅಂತ ಮಾತ್ರ ಹೇಳ್ಬೇಡಿ."

ನೀರು ಇಳಿಯತೊಡಗಿತು. ಪಾಚಿ ಹಿಡಿದ ಕಲ್ಲುಗಳು ಒಂದೊಂದಾಗಿ ಮೇಲೆದ್ದವು, ಅವುಗಳ ಸಂದಿಯ ಜರಿಗಿಡಗಳು ಹನಿಕ್ಕಿದವು. ತಣ್ಣನೆಯ, ಬಾವಿಯಂಥ ವಾಸನೆ. ಬೆನ್ನ ಹಿಂದೆ ಹೊಸ್ತಿಲು ತಲೆಯೆತ್ತಿ ಸೊರಸೊರ ಸುರಿಯುವುದು ಕೇಳಿಸಿತು. ಪೆಗ್‌ಳ ಕಿವಿಯೊಳಗೆ ಒಂದು ತಟ್ಟೆ ಒಡೆಯಲು ಸಿದ್ಧವಾಗಿತ್ತು. ಆಗ ಮೇಲಿನಿಂದ, ಆಕಾಶದ ಪಟ್ಟಿಯಿಂದ, ಒಂದು ದನಿ ಬಂತು.

"ಮುಂದೆ ಇಟ್ಕೋ, ಪೆಗ್!"

ಅವಳು ತಲೆಯೆತ್ತಿದಳು. ಲೆನ್‌ನ ಮುಖ ಅಂಚಿನಿಂದ ಬಾಗಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ; ಬಿಳಿ ಗೆರೆಯನ್ನು ನೋಡುತ್ತಿದ್ದ, ಅವಳು ಯಾವಾಗಲೂ ನೋಡುತ್ತಿದ್ದಂತೆ.

"ಕಿವಿ ಇದೆ ನಂಗೆ!" ಎಂದಳು ಪೆಗ್. ದನಿ ಗೋಡೆಗೆ ಬಡಿದು ದೊಡ್ಡದಾಗಿ ತಿರುಗಿ ಬಂತು. ಗ್ರೇವಿ ಒಮ್ಮೆ ಬೊಗಳಿತು. ಬಾಗಿಲು ತೆರೆಯಿತು, ಬಿಸಿಲು ಒಳಗೆ ಬಂತು.

ಆರನೆಯದರಲ್ಲಿ ಅವಳು ಚುಕ್ಕಾಣಿಯನ್ನು ಕತ್ತು ಹಿಸುಕುವಂತೆ ಹಿಡಿದಿದ್ದಳು. ಒಂಬತ್ತನೆಯದರಲ್ಲಿ ಬ್ರೆಡ್ ಮತ್ತು ಚೀಸ್ ಬೇಕೆಂದು ಸನ್ನೆ ಮಾಡಿದಳು. ಹನ್ನೆರಡನೆಯ ಲಾಕಿನ ಪಕ್ಕ ಊರಿನ ಪಬ್ಬಿದೆ. ಅದರ ಬೆಂಚುಗಳಿಂದ ಜನ ನೋಡುವಾಗ ಅವಳು ಗೋಡೆಗೆ ಒಮ್ಮೆ ಚೆನ್ನಾಗಿ ಬಡಿಸಿದಳು. ಬೇಕೆಂದೇ ಮಾಡಿದ್ದು ಎಂಬಂತೆ ಟೋಪಿ ಮುಟ್ಟಿ ವಂದಿಸಿದಳು. ಹಿಂದಿನಿಂದ ಆಲ್ವೆನ್, "ಈಗ ನೋಡು, ಹೆಂಗಸು ದೋಣಿ ನಡೆಸಿದ್ದು ಅಂದ್ರೆ! ಲೆನ್, ನೀನಿನ್ನು ಗೋಣಿಚೀಲದಲ್ಲೇ ಇರು!" ಎಂದು ಕೂಗಿದಳು. ಹದಿನೈದನೆಯದು ಮುಗಿದಾಗ ಸಂಜೆಯ ಬಿಸಿಲು ಇನ್ನೂ ಹೊಲಗಳ ಮೇಲೆ ಉದ್ದಕ್ಕೆ ಮಲಗಿತ್ತು. ಹ್ಯಾಕ್ ಗ್ರೀನ್‌ನ ಎರಡೂ ಲಾಕುಗಳಲ್ಲಿ ಎದುರಿನಿಂದ ಬಂದ ದೋಣಿಯವರೇ ತೂಬು ತಿರುಗಿಸಿಕೊಟ್ಟರು.

ಗುರುವಾರ ಎಂಟಕ್ಕೆ ಹತ್ತು ನಿಮಿಷವಿರುವಾಗ ಬಟರ್‌ಕಪ್ ಒಣ ತೊಟ್ಟಿಯೊಳಗಿತ್ತು. ಕಟ್ಟೆಯವನು ಬಾಗಿಲು ಮುಚ್ಚಿ, "ಬಸಿಯೋಕೆ ಒಂದು ಗಂಟೆ ಆಗುತ್ತೆ. ಹೊರಗೆ ಬರ್ತೀರೋ, ಒಳಗೇ ಇರ್ತೀರೋ?" ಎಂದ.

"ಟೀ ಇಟ್ಟಿದ್ದೀನಿ," ಎಂದಳು ಪೆಗ್.

ಇಬ್ಬರೂ ಹಿಂಬದಿಯ ಮೆಟ್ಟಿಲ ಮೇಲೆ ಕೂತರು. ಲೆನ್ ಎಡಗೈಯಲ್ಲಿ ಲೋಟ ಹಿಡಿದು ಕಾಲು ನೀಡಿಕೊಂಡ. "ಮೀನಖಂಡ ಹಿಡ್ಕೊಂಡಿದೆ ಕಣೇ. ದಿನಾ ಹಿಂಗೇ ಓಡ್ತಿದ್ಯಾ?"

"ನಿಂಗ್ಯಾವಾಗ ಗೊತ್ತಾಯ್ತು?" ಎಂದಳು ಪೆಗ್, ಲೋಟದೊಳಗೆ ನೋಡುತ್ತ.

"ಏನು?"

"ನಾಟಕ ಆಡ್ಬೇಡ."

ಲೆನ್ ಟೀ ಊದಿದ. "ಮದುವೆಗೆ ಮುಂಚೆನೇ. ನಿಮ್ಮಮ್ಮ ಆ ತಟ್ಟೆ ಕಥೆ ಹೇಳಿ ನಗ್ತಾ ಇದ್ರು. ನೀನು ಮಾತ್ರ ನಗ್ತಿರ್ಲಿಲ್ಲ." ಒಂದು ಗುಟುಕು ಕುಡಿದು, "ಸೈಕಲ್ ಮತ್ಯಾಕೆ ಕೊಡ್ಸಿದ್ದು ಅಂದ್ಕೊಂಡಿದ್ದೆ?"

ಪೆಗ್ ಚಾವಣಿಯ ಮೇಲೆ ಮಲಗಿಸಿದ್ದ ಕೆಂಪು ಸೈಕಲ್ಲನ್ನು ನೋಡಿದಳು. ಅದಕ್ಕೆ ಮೂರು ಸಲ ಬಣ್ಣ ಬಳಿದಿದ್ದರು, ಏಳು ಸಲ ಟೈರು ಬದಲಿಸಿದ್ದರು. ಅವಳ ಕಣ್ಣಂಚು ಒದ್ದೆಯಾಯಿತು. ಅದನ್ನು ತೋಳಿಗೆ ಒರೆಸಿಕೊಂಡಳು.

"ಅಷ್ಟೆಲ್ಲ ಗೊತ್ತಿದ್ದೋನು," ಎಂದಳು, "ಗೇರ್ ಇರೋ ಸೈಕಲ್ಲೇ ಕೊಡ್ಸಕ್ಕೆ ಏನಾಗಿತ್ತು?"

ಲೆನ್ ನಕ್ಕು ಟೀ ಚೆಲ್ಲಿಕೊಂಡ. ಆಗಲೇ ಕೆಳಗಿನಿಂದ ಮೃದುವಾಗಿ ಧಪ್ಪೆಂದು ಸದ್ದು ಬಂತು. ಬಟರ್‌ಕಪ್ ಮರದ ತೊಲೆಗಳ ಮೇಲೆ ಕೂತಿತ್ತು. ಪೆಗ್ ಸುತ್ತ ನೋಡಿದಳು. ಒದ್ದೆ ಗೋಡೆಗಳು ತಲೆಯ ಮೇಲೆ ಎದ್ದು ನಿಂತಿದ್ದವು. ನೀರೆಲ್ಲ ಇಳಿದು ಹೋಗಿತ್ತು. ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಕಟ್ಟೆಯವನು ರಬ್ಬರ್ ಬೂಟು ಹಾಕಿಕೊಂಡು ಕೆಸರಿಗಿಳಿದು, ಸುತ್ತಿಗೆಯಿಂದ ದೋಣಿಯ ತಳವನ್ನು ತಟ್ಟಿ ಕಿವಿಗೊಟ್ಟ. ಮತ್ತೊಂದು ಕಡೆ ತಟ್ಟಿದ.

"ಹೆಂಗಿದಾಳೆ ಹುಡುಗಿ?" ಎಂದು ಲೆನ್ ಕೂಗಿದ.

"ಅಳತೆ ಇನ್ನೂ ನೋಡ್ಬೇಕು," ಎಂದ ಅವನು. "ಆದ್ರೆ ದನಿ ಗಟ್ಟಿಯಾಗಿದೆ. ಇನ್ನೂ ಐದು ವರ್ಷಕ್ಕೆ ಮೋಸ ಇಲ್ಲ."

"ದೋಣಿ ವಿಷಯ ಕೇಳಿದ್ದು ಕಣಯ್ಯಾ," ಎಂದಳು ಪೆಗ್, ಕೆಟಲು ಮತ್ತೆ ಒಲೆಗಿಡಲು ಏಳುತ್ತ.